ಹಿತ್ತಿಲ ಬದುಕು: ಹಳೆಯ ಹಿಂಡಿಗೆ ಹೊಸ ಹೇಂಟೆಗಳು

ಕಾಸರಗೋಡಿನ ಕಡೆಯ ನಮ್ಮ ಮನೆಗಳಲ್ಲಿ ಹಿತ್ತಿಲ ಕೋಳಿಯು ಗೃಹಿಣಿಯ ಕೈಗಾಸಿನ ಮೂಲ. ಹೇಂಟೆಗಳಿಗೆ ಎರಡು ವರ್ಷ ಕಳೆದು ಮೊಟ್ಟೆ ಇಳಿಯತೊಡಗಿದಾಗ ಹೊಸತನ್ನು ತರುವುದು ಅನಿವಾರ್ಯ. ಆದರೆ ಪಂಚಾಯತಿನ ಯೋಜನೆಯಲ್ಲಿ ದೊರೆತ ಒಂದೂವರೆ, ಎರಡು ತಿಂಗಳ ಮರಿಗಳನ್ನು ತಂದ ಸಂಜೆಯೇ ಹಳೆಯ ಗೂಡಿಗೆ ಬಿಟ್ಟರೆ, ಮರುದಿನ ತಲೆ ಒಡೆದು ಬಿದ್ದ ಮರಿಯನ್ನು ಕಂಡು ಮರುಗಬೇಕಾದೀತು.

ಇದನ್ನು ಕೋಳಿಗಳ ಕ್ರೌರ್ಯವೆಂದು ಭಾವಿಸಬೇಕಾಗಿಲ್ಲ. ಯಾರು ಯಾರನ್ನು ಕುಕ್ಕಬಹುದೆಂಬ ಕ್ರಮವೊಂದು ಪ್ರತಿ ಹಿಂಡಿನಲ್ಲಿಯೂ ನೆಲೆಗೊಂಡಿರುತ್ತದೆ. ನಾರ್ವೆಯ ವಿದ್ವಾಂಸ ಶೆಲ್ಡೆರಪ್-ಎಬ್ಬೆಯವರು 1922ರಲ್ಲಿ ಇದನ್ನು ಶಾಸ್ತ್ರೀಯವಾಗಿ ವಿವರಿಸಿದರು. ಹೊಸಬರು ಬಂದೊಡನೆ ಆ ಕ್ರಮವು ಕದಡಿ, ಮತ್ತೆ ನೆಲೆಗೊಳ್ಳುವವರೆಗೆ ಜಗಳ ನಡೆಯುತ್ತದೆ. ಅದನ್ನು ತಪ್ಪಿಸಲಾಗದು, ಪ್ರಾಣಾಪಾಯವಾಗದಂತೆ ನೋಡಿಕೊಳ್ಳಬಹುದು.

ಮೊದಲನೆಯದಾಗಿ, ತಂದ ಕೋಳಿಗಳನ್ನು ಮೂರು ನಾಲ್ಕು ವಾರ ದೂರದಲ್ಲಿ ಬೇರೆಯಾಗಿಡಿರಿ. ಕೊಕ್ಕರೆ ರೋಗದಂತಹ ಪಿಡುಗು ಹೊಸತರೊಡನೆ ಒಳಗೆ ಬರಬಹುದು. ಮೇಲ್ನೋಟಕ್ಕೆ ಆರೋಗ್ಯವಾಗಿರುವ ಹಳೆಯವುಗಳಿಂದ ರಕ್ತಭೇದಿ ಎಳೆಯವಕ್ಕೆ ತಗಲಲೂಬಹುದು. ಲಸಿಕೆಯ ವಿಚಾರವನ್ನು ಸಮೀಪದ ಮೃಗಾಸ್ಪತ್ರೆಯಲ್ಲಿ ಕೇಳಿರಿ. ಹಳೆಯ ಹಿಂಡಿಗೆ ಮೊದಲು ಮೇವು ನೀರು ಕೊಟ್ಟು, ಬಳಿಕ ಹೊಸತರ ಕಡೆಗೆ ಹೋಗಿ, ಕೈಕಾಲು ತೊಳೆದುಕೊಳ್ಳಿರಿ.

ಎರಡನೆಯದು, ವಯಸ್ಸು. ಮರಿಗಳು ಸುಮಾರು ನಾಲ್ಕು ತಿಂಗಳು ತುಂಬಿ, ಗಾತ್ರದಲ್ಲಿ ಹಳೆಯವುಗಳಿಗೆ ಹೆಚ್ಚುಕಡಿಮೆ ಸಮನಾಗುವವರೆಗೆ ಕಾಯುವುದು ಲೇಸು. ಒಂದನ್ನೇ ಸೇರಿಸಬೇಡಿರಿ, ಎರಡು ಮೂರು ಜೊತೆಗಿದ್ದರೆ ಪೆಟ್ಟು ಹಂಚಿಹೋಗುತ್ತದೆ.

ಅನಂತರ ನಡುವೆ ಬಲೆಯನ್ನು ಕಟ್ಟಿ, ಒಂದು ವಾರವಾದರೂ ಪರಸ್ಪರ ಕಾಣುವಂತೆ, ಆದರೆ ಕುಕ್ಕಲಾಗದಂತೆ ಇಡಿರಿ. ರಾತ್ರಿ ಗೂಡಿಗೆ ಬಿಡುವ ರೂಢಿ ಒಳ್ಳೆಯದೇ. ಆದರೆ ನಿಜವಾದ ಪರೀಕ್ಷೆ ಬೆಳಗಾದ ಮೇಲೆ. ಆದುದರಿಂದ ನಸುಕಿನಲ್ಲೇ ಬಾಗಿಲು ತೆರೆದು ಅಂಗಳಕ್ಕೆ ಬಿಡಬೇಕು. ಮೇವು ನೀರಿನ ಪಾತ್ರೆಗಳು ಎರಡು ಮೂರು ಕಡೆ ಇರಲಿ. ಮರೆಯಾಗಲು ಗೋಡೆಗೊರಗಿಸಿದ ಒಂದು ಹಲಗೆ, ನಾಲ್ಕು ತೆಂಗಿನ ಮಡಲು ಸಾಕು. ಮಳೆ ಹಿಡಿದು ಕೋಳಿಗಳೆಲ್ಲ ಗೂಡಿನಲ್ಲೇ ನಿಲ್ಲುವ ಆಟಿ ತಿಂಗಳಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಜಾಣತನ.

ಮೇವಿನಲ್ಲಿಯೂ ಎಚ್ಚರ ಅಗತ್ಯ. ಮೊಟ್ಟೆಯಿಡುವ ಕೋಳಿಗಳ ಅಂಗಡಿ ಮೇವಿನಲ್ಲಿ ಸುಣ್ಣದ ಅಂಶ ಶೇಕಡಾ 3.5ರಿಂದ 4ರಷ್ಟಿರುತ್ತದೆ, ಮೊಟ್ಟೆಗೆ ಬಾರದ ಹೇಂಟೆಗಳ ಮೂತ್ರಪಿಂಡಕ್ಕೆ ಅದು ಹಾನಿಕರ. ಎಲ್ಲಕ್ಕೂ ಬೆಳೆಯುವ ಕೋಳಿಗಳ ಮೇವನ್ನೇ ಕೊಟ್ಟು, ಚಿಪ್ಪಿನ ಪುಡಿಯನ್ನು ಬೇರೆ ಪಾತ್ರೆಯಲ್ಲಿಡಿರಿ. ಬೇಕಾದುದು ತಾನೇ ತಿನ್ನುತ್ತದೆ.

ರೆಕ್ಕೆ ಬಡಿತ, ಅಟ್ಟಿಸಿಕೊಂಡು ಹೋಗುವುದು, ಒಂದೆರಡು ಕುಕ್ಕು ಸಹಜ, ನಡುವೆ ಪ್ರವೇಶಿಸಬೇಡಿರಿ. ರಕ್ತ ಕಂಡರೆ ಮಾತ್ರ ತಡಮಾಡದೆ ಗಾಯಗೊಂಡುದನ್ನು ಬೇರ್ಪಡಿಸಿರಿ. ಕೆಂಪು ಕಂಡಲ್ಲಿಗೆ ಉಳಿದವೂ ಕುಕ್ಕುತ್ತವೆ. ಒಂದೇ ಕೋಳಿ ಪೀಡಿಸುತ್ತಿದ್ದರೆ ಅದನ್ನೇ ಮೂರು ನಾಲ್ಕು ದಿನ ಹೊರಗಿಡಿರಿ. ಮರಳುವಾಗ ಅದರ ದರ್ಪ ಇಳಿದಿರುವುದುಂಟು.

ಸಂಜೆ ಗೂಡು ಸೇರಿದ ಹೊಸ ಹೇಂಟೆಯ ಕತ್ತಿನ ಬುಡವನ್ನು ಮುಟ್ಟಿ ನೋಡಿರಿ. ಆಹಾರದ ಚೀಲ ತುಂಬಿದ್ದರೆ ಹಿಂಡಿನಲ್ಲಿ ಅದಕ್ಕೆ ಸ್ಥಾನ ದೊರೆಯುತ್ತಿದೆಯೆಂದು ತಿಳಿಯಬಹುದು. ಬರಿದಾಗಿದ್ದರೆ, ಗಾಯವಿಲ್ಲದಿದ್ದರೂ ಅದು ಹಸಿದಿದೆ. ಇನ್ನೂ ಕೆಲವು ದಿನ ಬಲೆಯಾಚೆ ಇಟ್ಟು ಸಾಕಿರಿ.