ಗಡ್ಡೆಯ ಡ್ರಿಪ್ ಲೈನ್ ಮತ್ತು ನಮ್ಮ ಪ್ರಾಜೆಕ್ಟು

ಕಲಾದಗಿಯ ದಾಳಿಂಬೆ ತೋಟಕ್ಕೆ ಡ್ರಿಪ್ ಹೇಗೋ, ಕ್ಯಾನ್ಸರ್ ಗಡ್ಡೆಗೆ ರಕ್ತನಾಳ ಹಾಗೆ. ಹೊಸ ನಾಳಗಳಿಲ್ಲದೆ ಗಡ್ಡೆ ಒಂದೆರಡು ಮಿಲಿಮೀಟರ್ ದಾಟಿ ಬೆಳೆಯೋದು ಕಷ್ಟ ಎಂದು ಜೂಡಾ ಫೋಕ್‌ಮನ್ 1971ರಲ್ಲೇ ವಾದಿಸಿದ್ದರು. ಆ ನಾಳ ಎಳೆದುಕೊಳ್ಳಲು ಗಡ್ಡೆಯ ಜೀವಕೋಶಗಳು ಪ್ರೋಟೀನ್, ಆರ್‌ಎನ್‌ಎ ತುಂಬಿದ ಸೂಕ್ಷ್ಮ ಚೀಲಗಳನ್ನೂ ಹೊರಗೆ ಕಳಿಸುತ್ತವೆ. ಅವುಗಳಲ್ಲಿ ಎಕ್ಸೋಸೋಮ್‌ಗಳ ಗಾತ್ರ ಸುಮಾರು 30ರಿಂದ 150 ನ್ಯಾನೋಮೀಟರ್. ರಕ್ತದಲ್ಲಿ ಇವನ್ನು ಹಿಡಿದು ಕ್ಯಾನ್ಸರ್ ಪತ್ತೆ ಮಾಡುವ ಸಂಶೋಧನೆ ಈಗ ಜೋರಾಗಿದೆ.

ಆದ್ರೆ ಸೋಸಿ ಬೇರ್ಪಡಿಸೋದೇ ತಲೆನೋವು. ಅಲ್ಟ್ರಾಸೆಂಟ್ರಿಫ್ಯೂಜ್ ದುಬಾರಿ, ನಿಧಾನ. ಮೈಕ್ರೋಫ್ಲೂಯಿಡಿಕ್ ಚಿಪ್, ಸೆನ್ಸರ್, ಸಿಗ್ನಲ್ ಪ್ರೊಸೆಸಿಂಗ್ ಬೇಕಿರುವ ಈ ಕೆಲಸವನ್ನು ಡಾಕ್ಟರರ ಮೇಲಷ್ಟೇ ಹಾಕಿದರೆ ಆಗದು; ಇದು ನಮ್ಮ ಸಿಲಬಸ್. ಬೆಂಗಳೂರಿನ ಕಿದ್ವಾಯಿ ತಲುಪಲು ಕಲಾದಗಿಯವರು ರಾತ್ರಿಯಿಡೀ ಪ್ರಯಾಣಿಸಬೇಕು. ಮೊದಲ ಪರೀಕ್ಷೆಯಾದರೂ ಊರಿನ ಆಸ್ಪತ್ರೆಗೇ ಬರಲಿ. ಫೈನಲ್ ಇಯರ್ ಪ್ರಾಜೆಕ್ಟ್ ಹುಡುಕ್ತಿರೋ ನಾವು ಇದನ್ನೇ ಯಾಕೆ ಎತ್ತಿಕೊಳ್ಳಬಾರದು?