ಹೊಸ ಯಂತ್ರಗಳೂ ಹುಡುಕಿದರೆ ಸಿಗದ ಕನ್ನಡವೂ

ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನ ನರೋಣಾ ಗ್ರಾಮವು ಕ್ಷೇಮಲಿಂಗೇಶ್ವರ ದೇವಾಲಯದಿಂದ ಹೆಸರಾಗಿದೆ. ಆಳಂದದ ಈ ಪರಿಸರವನ್ನು ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳು ‘ಅಳಂದೆ ಸಾಸಿರ’ ಎಂದು ಕರೆಯುತ್ತವೆ. ಇದೇ ತಾಲೂಕಿನ ಕಡಗಂಚಿಯಲ್ಲಿ ಇಂದು ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ; ಅದು 2009ರ ಕಾಯಿದೆಯಿಂದ ಜನ್ಮತಾಳಿತು. ಜಿಲ್ಲಾ ಕೇಂದ್ರದಲ್ಲಿ 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯವಿದೆ. ದಶಕಗಳ ಕಾಲ ಉನ್ನತ ವಿದ್ಯೆಗಾಗಿ ಹೈದರಾಬಾದಿಗೋ ಧಾರವಾಡಕ್ಕೋ ಮುಖಮಾಡಬೇಕಾಗಿದ್ದ ನಾಡಿಗೆ ಎರಡು ವಿಶ್ವವಿದ್ಯಾಲಯಗಳು ದೊರೆತದ್ದು ಸಣ್ಣ ಸಂಗತಿಯಲ್ಲ. ಆದರೆ ಆಳಂದ, ಅಫಜಲಪುರ, ಜೇವರ್ಗಿಗಳ ಚರಿತ್ರೆಯನ್ನು ಕುರಿತು ಕನ್ನಡದಲ್ಲಿ ನಡೆದ ಸಂಶೋಧನೆ ಆ ಊರುಗಳ ಓದುಗನಿಗೆ ಕೈಗೆಟುಕುತ್ತದೆಯೇ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಇಂದು ಯಾವ ವಿಶ್ವವಿದ್ಯಾಲಯವನ್ನು ನೋಡಿದರೂ ಗಣಕ ಸೇವೆಗಳ ಉನ್ನತೀಕರಣದ ಮಾತು ಕೇಳಿಬರುತ್ತದೆ. ವೇಗದ ಅಂತರ್ಜಾಲ, ಹೊಸ ಸರ್ವರು, ಆವರಣದ ತುಂಬ ವೈಫೈ, ಪ್ರವೇಶದಿಂದ ಪರೀಕ್ಷೆಯವರೆಗೆ ಎಲ್ಲವೂ ಪೋರ್ಟಲಿನ ಮೂಲಕ. ಇವೆಲ್ಲ ಅಗತ್ಯ, ಸ್ವಾಗತಾರ್ಹ. ಆದರೆ ಸಂಶೋಧನೆಯ ದೃಷ್ಟಿಯಿಂದ ಇವು ಬರಿಯ ಪಾತ್ರೆಗಳು. ಪಾತ್ರೆಯಲ್ಲಿ ತುಂಬಿರುವ ಕನ್ನಡ ಪಠ್ಯವನ್ನು ಯಂತ್ರ ಓದಲಾಗದಿದ್ದರೆ ಪಾತ್ರೆಯನ್ನು ಎಷ್ಟು ಬಾರಿ ಬದಲಿಸಿದರೂ ಸುಧಾರಣೆ ಅರ್ಧದಲ್ಲೇ ನಿಂತಂತೆ. ಕನ್ನಡ ವಿದ್ಯಾಸಂಸ್ಥೆಗಳಲ್ಲಿ ಆಗಿರುವುದು ಬಹುಮಟ್ಟಿಗೆ ಇದೇ.

ದೊರೆತ ಲಾಭಗಳನ್ನು ಮೊದಲು ಒಪ್ಪಿಕೊಳ್ಳಬೇಕು. 2009ರ ಯುಜಿಸಿ ನಿಯಮಾವಳಿ ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಕಡ್ಡಾಯ ಮಾಡಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ‘ಶೋಧಗಂಗಾ’ ಭಂಡಾರ ಆ ಪ್ರತಿಗಳನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಮೂರು ವರ್ಷಗಳಿಗೆ ಸುಮಾರು 6,000 ಕೋಟಿ ರೂಪಾಯಿಗಳನ್ನು ತೆಗೆದಿರಿಸಿ, 30 ಪ್ರಕಾಶಕರ ಸುಮಾರು 13,000 ವಿದ್ವತ್ಪತ್ರಿಕೆಗಳನ್ನು ಸರ್ಕಾರಿ ಸಂಸ್ಥೆಗಳ ವಿದ್ಯಾರ್ಥಿಗಳ ಮುಂದಿಟ್ಟಿದೆ. ಒಂದು ತಲೆಮಾರಿನ ಹಿಂದೆ ಬೆಂಗಳೂರಿನ ದೊಡ್ಡ ಗ್ರಂಥಾಲಯಕ್ಕೆ ಹೋದರೂ ಸಿಗದಿದ್ದ ಲೇಖನ ಇಂದು ಆಳಂದದ ಬಯಲಿನಲ್ಲಿ ಕುಳಿತ ವಿದ್ಯಾರ್ಥಿಗೆ ಸಿಗುತ್ತದೆ.

ವೈಪರೀತ್ಯವಿರುವುದು ಇಲ್ಲಿಯೇ. ಅದೇ ವಿದ್ಯಾರ್ಥಿ ತನ್ನ ತಾಲೂಕಿನ ಶಾಸನಗಳ ಬಗ್ಗೆ ಕನ್ನಡದಲ್ಲಿ ಬರೆದ ಪ್ರಬಂಧವನ್ನು ಹುಡುಕಲು ಹೊರಟರೆ ಯಂತ್ರ ಅನೇಕ ಬಾರಿ ಮೌನವಾಗುತ್ತದೆ. ಪ್ರಬಂಧ ಭಂಡಾರದಲ್ಲಿ ಇರುತ್ತದೆ. ಪುಟ ತೆರೆದರೆ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಅದರೊಳಗಿನ ಒಂದು ಪದವೂ ಹುಡುಕಾಟಕ್ಕೆ ಸಿಕ್ಕುವುದಿಲ್ಲ.

ಕಾರಣ ತಾಂತ್ರಿಕವಾದರೂ ತಿಳಿಯಲು ಕಠಿಣವಲ್ಲ. ಯೂನಿಕೋಡ್ ರೂಢಿಯಾಗುವ ಮುನ್ನ ‘ನುಡಿ’, ‘ಬರಹ’ ಮುಂತಾದ ತಂತ್ರಾಂಶಗಳು ಕನ್ನಡವನ್ನು ಗಣಕಕ್ಕೆ ತಂದವು. ಆ ಉಪಕಾರ ದೊಡ್ಡದು. ಆದರೆ ಅವುಗಳ ಹಳೆಯ ವಿನ್ಯಾಸದಲ್ಲಿ ಕನ್ನಡ ಅಕ್ಷರಕ್ಕೆ ಸ್ವಂತ ಸಂಕೇತವಿರಲಿಲ್ಲ. ‘ಕ’ ಅಕ್ಷರದ ಒಡಲು ರೋಮನ್ ಲಿಪಿಯ ‘ಪಿ’ ಅಕ್ಷರದ ಸ್ಥಾನದಲ್ಲಿ, ತಲೆಕಟ್ಟು ಇನ್ನೊಂದು ಸ್ಥಾನದಲ್ಲಿ, ಒತ್ತಕ್ಷರ ಮತ್ತೊಂದರಲ್ಲಿ. ಫಾಂಟ್ ಇದ್ದಾಗ ಕಣ್ಣಿಗೆ ಕನ್ನಡ. ಯಂತ್ರದ ಪಾಲಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಕೇತ ಕೊಡುವ ಯೂನಿಕೋಡ್ ಮಾನಕದ ಮೊದಲ ಆವೃತ್ತಿ ಹೊರಬಂದದ್ದು 1991ರಲ್ಲಿ. ಕನ್ನಡದ ಡಿ.ಟಿ.ಪಿ. ಅಂಗಡಿಗಳೂ ಪ್ರಬಂಧ ಬೆರಳಚ್ಚಿಸುವವರೂ ಅದಾದ ಎಷ್ಟೋ ಕಾಲದವರೆಗೆ ಹಳೆಯ ಪದ್ಧತಿಯಲ್ಲಿಯೇ ಮುಂದುವರಿದರು. ಉಳಿದ ಎಷ್ಟೋ ಪ್ರಬಂಧಗಳು ಮುದ್ರಿತ ಹಾಳೆಗಳ ಛಾಯಾಚಿತ್ರಗಳು ಮಾತ್ರ; ಯಂತ್ರಕ್ಕೆ ಅವು ಅಕ್ಷರವಲ್ಲ, ಚಿತ್ರ.

ಪರಿಣಾಮಗಳು ಹುಡುಕಾಟಕ್ಕೆ ಮಾತ್ರ ಸೀಮಿತವಲ್ಲ. ಕೃತಿಚೌರ್ಯ ಪರಿಶೀಲಿಸುವ ತಂತ್ರಾಂಶಕ್ಕೆ ಇಂಥ ಪಠ್ಯವನ್ನು ಕೊಟ್ಟರೆ, ಹೋಲಿಕೆ ಕಾಣದಿರುವುದಕ್ಕೆ ಪ್ರಬಂಧದ ಸ್ವಂತಿಕೆಯೇ ಕಾರಣವಾಗಿರಬೇಕಿಲ್ಲ, ಯಂತ್ರದ ಅಜ್ಞಾನವೂ ಕಾರಣವಾಗಿರಬಹುದು. ತೆರೆಯ ಮೇಲಿನ ಅಕ್ಷರವನ್ನು ಧ್ವನಿಯಾಗಿಸುವ ಸಾಧನವನ್ನು ನೆಚ್ಚಿದ ಅಂಧ ವಿದ್ಯಾರ್ಥಿಗೆ ಆ ಪ್ರಬಂಧ ಇದ್ದೂ ಇಲ್ಲದಂತೆ. ಹಿಂದಿನವರು ಏನು ಬರೆದಿದ್ದಾರೆಂಬುದು ತಿಳಿಯದೆ ಹೊಸಬರು ಅದೇ ಶಾಸನವನ್ನು ‘ಅಪ್ರಕಟಿತ’ವೆಂದು ಮತ್ತೆ ಪ್ರಕಟಿಸುವ ಅಪಾಯವೂ ಇದೆ.

ಊರ ಹೆಸರುಗಳ ತೊಡಕು ಇನ್ನೊಂದು. 2014ರ ನವೆಂಬರ್ 1ರಂದು ಗುಲಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು. ಅದಕ್ಕೆ ಮೊದಲಿನ ಬರಹಗಳಲ್ಲಿ ಗುಲಬರ್ಗಾ, ಗುಲ್ಬರ್ಗ, ಕಲಬುರ್ಗಿ, ಕಲ್ಬುರ್ಗಿ ಎಂಬ ರೂಪಗಳೆಲ್ಲ ಇವೆ. ನರೋಣಾ ಕೆಲವೆಡೆ ನರೋಣ, ಆಳಂದ ಶಾಸನದಲ್ಲಿ ಅಳಂದೆ, ಜೇವರ್ಗಿ ಜೇವರಗಿಯೂ ಹೌದು, ಮಳಖೇಡವೇ ಮಾನ್ಯಖೇಟ. ಈ ರೂಪಗಳು ಒಂದೇ ಊರಿನವೆಂದು ಬಲ್ಲ ವಿದ್ವಾಂಸ ಹತ್ತು ಸಲ ಹುಡುಕಿಯಾನು. ಯಂತ್ರಕ್ಕೆ ಹೇಳಿಕೊಟ್ಟ ಹೊರತು ಅದು ತಿಳಿಯದು. ಗ್ರಂಥಾಲಯ ಶಾಸ್ತ್ರದಲ್ಲಿ ಇದಕ್ಕೆ ಪರಿಹಾರ ಹಳೆಯದು: ಪ್ರತಿಯೊಂದು ಹೆಸರಿನ ಎಲ್ಲ ರೂಪಗಳನ್ನೂ ಒಂದೇ ತಲೆಬರಹಕ್ಕೆ ಜೋಡಿಸುವ ಅಧಿಕೃತ ನಾಮಸೂಚಿ. ಇದಕ್ಕೆ ದುಬಾರಿ ಯಂತ್ರ ಬೇಡ. ಆ ಸೀಮೆಯನ್ನು ಬಲ್ಲವರ ಕೆಲವು ತಿಂಗಳ ತಾಳ್ಮೆ ಸಾಕು.

ಈ ಕೊರತೆ ಕಲಬುರಗಿ ಸೀಮೆಗೆ ಹೆಚ್ಚು ಬಾಧಿಸಲು ಐತಿಹಾಸಿಕ ಕಾರಣವೊಂದಿದೆ. ಹಳೆಯ ಮೈಸೂರಿನ ಶಾಸನಗಳಿಗೆ ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದಂತಹ ತಾಲೂಕುವಾರು ಸಂಪುಟಗಳು 1886ರಿಂದಲೇ ಬರತೊಡಗಿದವು. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ಈ ಜಿಲ್ಲೆ ಆ ಯೋಜನೆಯ ಹೊರಗುಳಿಯಿತು. ಇಲ್ಲಿಯ ಶಾಸನಪಾಠಗಳು ಹೈದರಾಬಾದಿನ ಪುರಾತತ್ತ್ವ ಮಾಲೆಯಲ್ಲಿ, ದಕ್ಷಿಣ ಭಾರತದ ಶಾಸನ ಸಂಪುಟಗಳಲ್ಲಿ, ಬಿಡಿ ಲೇಖನಗಳಲ್ಲಿ ಚದುರಿಹೋದವು. ಪಿ. ಬಿ. ದೇಸಾಯಿಯವರು ಈ ಭಾಗದ ಜೈನ ಶಾಸನಗಳನ್ನು ಒಳಗೊಂಡ ತಮ್ಮ ಇಂಗ್ಲಿಷ್ ಗ್ರಂಥವನ್ನು 1957ರಲ್ಲಿ ಹೊರತಂದದ್ದು ಸೊಲ್ಲಾಪುರದ ಸಂಸ್ಥೆಯೊಂದರ ಮೂಲಕ. ಹೀಗೆ ಆಕರಗಳು ಚೆಲ್ಲಾಪಿಲ್ಲಿಯಾಗಿರುವ ಸೀಮೆಗೆ ಸಮರ್ಥ ಹುಡುಕುವ್ಯವಸ್ಥೆ ಅಲಂಕಾರವಲ್ಲ. ಚರಿತ್ರೆ ಬರೆಯಲು ಬೇಕಾದ ಮೊದಲ ಸಲಕರಣೆ.

ಲಿಪಿ ಬದಲಾದಾಗ ಜ್ಞಾನ ಬಂದಿಯಾಗುವುದು ಕನ್ನಡ ನಾಡಿಗೆ ಹೊಸ ಅನುಭವವಲ್ಲ. ಷಟ್ಖಂಡಾಗಮದ ಮಹಾಟೀಕೆಯಾದ ‘ಧವಲಾ’ ಗ್ರಂಥದ ತಾಡವೋಲೆಗಳು ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದವು. ಭಕ್ತರು ಅವುಗಳ ದರ್ಶನ ಮಾಡುತ್ತಿದ್ದರು; ಆ ಹಳೆಯ ಕನ್ನಡ ಲಿಪಿಯನ್ನು ಓದಬಲ್ಲವರು ವಿರಳರಾಗಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಲಿಪಿಯ ಕಾರ್ಯ ಆರಂಭವಾಗಿ, ಡಾ. ಹೀರಾಲಾಲ್ ಜೈನ್ ಅವರ ಸಂಪಾದನೆಯ ಮೊದಲ ಸಂಪುಟ 1939ರಲ್ಲಿ ಹೊರಬಂದ ಮೇಲೆಯೇ ಅದು ಲೋಕದ ವಿದ್ವಾಂಸರ ಅಧ್ಯಯನಕ್ಕೆ ದಕ್ಕಿತು. ಸಂರಕ್ಷಣೆಯೂ ಲಭ್ಯತೆಯೂ ಒಂದೇ ಅಲ್ಲ. ಇಂದಿನ ಭಂಡಾರಗಳಲ್ಲಿರುವ ಕನ್ನಡ ಪ್ರಬಂಧಗಳು ದರ್ಶನಕ್ಕೆ ಸಿಗುತ್ತವೆ, ಅಧ್ಯಯನಕ್ಕೆ ಅರ್ಧ ಮಾತ್ರ ಸಿಗುತ್ತವೆ.

ಪ್ರತಿಗಳ ವಿಷಯದಲ್ಲಿಯೂ ಹಿಂದಿನವರ ವಿವೇಕ ನೆನೆಯುವಂಥದು. ಮಾನ್ಯಖೇಟ ಇನ್ನೂ ಚಾಲುಕ್ಯರ ರಾಜಧಾನಿಯಾಗಿದ್ದ ಕಾಲದಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಶಾಸ್ತ್ರದಾನವೆಂಬ ಧರ್ಮಬುದ್ಧಿಯೊಂದಿಗೆ, ಒಂದೇ ಕಡೆ ಇರುವ ಗ್ರಂಥಕ್ಕೆ ಬೆಂಕಿ, ಗೆದ್ದಲು, ಯುದ್ಧಗಳ ಭಯ ತಪ್ಪಿದ್ದಲ್ಲ ಎಂಬ ಲೋಕಾನುಭವವೂ ಅಲ್ಲಿತ್ತು. 2023ರ ಅಕ್ಟೋಬರಿನಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿಯಾಗಿ, ಜಗತ್ತಿನ ಅತಿ ದೊಡ್ಡ ಗ್ರಂಥಾಲಯಗಳಲ್ಲೊಂದರ ಗ್ರಂಥಸೂಚಿಯೇ ತಿಂಗಳುಗಟ್ಟಲೆ ಸಿಗದಂತಾಯಿತು. ಹಳತಾದ ಗಣಕ ವ್ಯವಸ್ಥೆಗಳು ಹಾನಿಯನ್ನು ಹೆಚ್ಚಿಸಿದವೆಂದು ಆ ಸಂಸ್ಥೆಯೇ ತನ್ನ ವರದಿಯಲ್ಲಿ ಒಪ್ಪಿಕೊಂಡಿತು. ಅಷ್ಟು ಬಲವಾದ ಸಂಸ್ಥೆಗೆ ಬಂದ ಆಪತ್ತು ಸಣ್ಣ ಅನುದಾನದ ವಿಶ್ವವಿದ್ಯಾಲಯಗಳಿಗೆ ಬಾರದೆಂದು ನಂಬುವಂತಿಲ್ಲ. ಆದುದರಿಂದ ಯಂತ್ರಗಳ ನವೀಕರಣವನ್ನು ಅಲ್ಲಗಳೆಯುವುದೂ ತಪ್ಪು. ಅದಷ್ಟಕ್ಕೇ ತೃಪ್ತಿಪಡುವುದೂ ತಪ್ಪು.

ಕೃತಕ ಬುದ್ಧಿಮತ್ತೆ ಬಂದಿರುವಾಗ ಈ ಚಿಂತೆಯೇಕೆ, ಚಿತ್ರದೊಳಗಿನ ಅಕ್ಷರವನ್ನು ಯಂತ್ರವೇ ಓದಿಕೊಳ್ಳುತ್ತದೆ ಎನ್ನುವವರಿದ್ದಾರೆ. ಮಾತಿನಲ್ಲಿ ಸತ್ಯಾಂಶವಿದೆ, ಅಚ್ಚಾದ ಹೊಸಗನ್ನಡವನ್ನು ಇಂದಿನ ತಂತ್ರಾಂಶಗಳು ಸಾಕಷ್ಟು ಚೆನ್ನಾಗಿ ಓದುತ್ತವೆ. ಆದರೆ ಶಾಸನಪಾಠಗಳಲ್ಲಿ ಬರುವ ‘ಱ’, ‘ೞ’ ಅಕ್ಷರಗಳನ್ನು ಯಂತ್ರ ‘ಅ’ ಎಂದೋ ‘ಟ’ ಎಂದೋ ಓದಿದರೆ ಗತಿಯೇನು? ‘ೞ’ಕಾರ ಎಲ್ಲಿ ಶುದ್ಧವಾಗಿ ಉಳಿದಿದೆ, ಎಲ್ಲಿ ‘ಳ’ಕಾರದೊಡನೆ ಕಲೆತಿದೆ ಎಂಬುದೇ ಭಾಷೆಯ ಕಾಲನಿರ್ಣಯಕ್ಕೆ ಒಂದು ಆಧಾರ. ಆ ಅಕ್ಷರ ತಪ್ಪಿದರೆ ಸಾಕ್ಷ್ಯವೇ ಅಳಿಯುತ್ತದೆ. ಹಳೆಯ ‘ನುಡಿ’ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳೂ ಉಚಿತವಾಗಿ ಸಿಗುತ್ತವೆ. ಆದರೆ ಪ್ರಬಂಧದ ನಡುವೆ ಬರುವ ಇಂಗ್ಲಿಷ್ ಪದಗಳನ್ನು ಅವು ಕನ್ನಡದ ಅಕ್ಷರಕಲಸವಾಗಿಸಿಬಿಡಬಲ್ಲವು. ಯಂತ್ರ ಮಾಡಿದ್ದನ್ನು ವಿಷಯ ಬಲ್ಲ ಮನುಷ್ಯ ತಿದ್ದಲೇಬೇಕು.

ಇದು ಆಗದ ಕೆಲಸವೂ ಅಲ್ಲ. ‘ವಚನ ಸಂಚಯ’ವೆಂಬ ಯೋಜನೆಯಲ್ಲಿ ಸ್ವಯಂಸೇವಕರು ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದವಾರು ಹುಡುಕಬಹುದಾದ ರೂಪಕ್ಕೆ ತಂದಿದ್ದಾರೆ. ಸ್ವಯಂಸೇವಕರಿಗೆ ಸಾಧ್ಯವಾದದ್ದು ಅಧ್ಯಾಪಕರು, ಗ್ರಂಥಪಾಲಕರು, ಸಂಶೋಧನ ವಿದ್ಯಾರ್ಥಿಗಳು ಮೂವರೂ ಇರುವ ವಿಶ್ವವಿದ್ಯಾಲಯಗಳಿಗೆ ಅಸಾಧ್ಯವೆನ್ನಲಾಗದು.

ಬೇಕಾದದ್ದು ನಾಲ್ಕು ನಿರ್ಧಾರಗಳು. ಇನ್ನು ಮುಂದೆ ಕನ್ನಡ ಪ್ರಬಂಧವನ್ನು ಪಿಡಿಎಫ್ ಜೊತೆಗೆ ಯೂನಿಕೋಡ್ ಮೂಲಪಠ್ಯವಿಲ್ಲದೆ ಸ್ವೀಕರಿಸಬಾರದು. ಹಳೆಯ ಪ್ರಬಂಧಗಳ ಪರಿವರ್ತನೆ ಮತ್ತು ಕರಡು ತಿದ್ದುವಿಕೆಯನ್ನು ಕನ್ನಡ, ಇತಿಹಾಸ ವಿಭಾಗಗಳ ವಿದ್ಯಾರ್ಥಿಗಳಿಗೆ ಸಂಶೋಧನ ತರಬೇತಿಯ ಅಂಗವಾಗಿ ಒಪ್ಪಿಸಿ, ಅದಕ್ಕೆ ಗೌರವಧನವನ್ನೂ ಮನ್ನಣೆಯನ್ನೂ ನೀಡಬೇಕು. ಜಿಲ್ಲೆಯ ಊರುಗಳ ಅಧಿಕೃತ ನಾಮಸೂಚಿಯನ್ನು ಎರಡು ವಿಶ್ವವಿದ್ಯಾಲಯಗಳೂ ಕೂಡಿ ಸಿದ್ಧಪಡಿಸಬೇಕು. ಎಲ್ಲದರ ಪ್ರತಿಯನ್ನು ದೂರದೂರದ ಕನಿಷ್ಠ ಮೂರು ಕಡೆ ಇರಿಸಿ, ಕಾಲಕಾಲಕ್ಕೆ ತೆರೆದು ನೋಡಬೇಕು.

ಇವುಗಳಿಗೆ ತಗಲುವ ವೆಚ್ಚ ಯಂತ್ರಗಳ ಖರೀದಿಯ ಮುಂದೆ ಅಲ್ಪ. ಆದರೂ ಉನ್ನತೀಕರಣದ ಯೋಜನೆಗಳಲ್ಲಿ ಯಂತ್ರಕ್ಕೆ ಬಾಬ್ತು ಇರುವಂತೆ ಪಠ್ಯಕ್ಕೆ ಇರುವುದು ಅಪರೂಪ. ಏಕೆಂದರೆ ಯಂತ್ರವನ್ನು ಉದ್ಘಾಟಿಸಬಹುದು, ತಿದ್ದಿದ ಪಠ್ಯಕ್ಕೆ ರಿಬ್ಬನ್ ಕಟ್ಟಲಾಗದು. ಐದಾರು ವರ್ಷಗಳಲ್ಲಿ ಇಂದಿನ ಸರ್ವರುಗಳು ಹಳತಾಗಿ ಮೂಲೆ ಸೇರುತ್ತವೆ. ಸರಿಯಾಗಿ ತಿದ್ದಿ ಇರಿಸಿದ ಶಾಸನಪಾಠ ಮುಂದಿನ ಎಲ್ಲ ಯಂತ್ರಗಳಿಗೂ ಹಾಗೆಯೇ ದಾಟಿಹೋಗುತ್ತದೆ. ಮುಂದಿನ ಆಯವ್ಯಯದಲ್ಲಿ ಆ ಒಂದು ಬಾಬ್ತನ್ನು ಸೇರಿಸುವ ಅಧಿಕಾರ ವಿಶ್ವವಿದ್ಯಾಲಯಗಳ ಕೈಯಲ್ಲಿಯೇ ಇದೆ.