'ಸಾರಿ' ಎಂದರೆ ಸಾಕೇ?

ಜಮಖಂಡಿಯ ಬಸ್ ನಿಲ್ದಾಣದಲ್ಲಿ ಕಾಲು ತುಳಿದವರು, ಮುಧೋಳದ ಅಂಗಡಿಯಲ್ಲಿ ಚಿಲ್ಲರೆ ಇಲ್ಲವೆನ್ನುವವರು, ನಮ್ಮ ಮನೆಯಲ್ಲಿ ಲೋಟ ಒಡೆದ ಮಗು, ಎಲ್ಲರ ಬಾಯಲ್ಲೂ ಇಂದು ಒಂದೇ ಮಾತು: 'ಸಾರಿ'. ಹಿಂದೆ ಯಾರಿಗಾದರೂ ಕಾಲು ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆವು, 'ತಪ್ಪಾತ್ರಿ' ಎನ್ನುತ್ತಿದ್ದೆವು. ಆ ಮಾತಿನೊಳಗೆ ತಪ್ಪಿನ ಒಪ್ಪಿಗೆಯಿತ್ತು.

ಆಂಗ್ಲ ಪದದ ಬೇರು ಇರುವುದು ನೋವಿನಲ್ಲಿ. ಹುಣ್ಣು, ನೋವು ಎಂಬರ್ಥದ ಪ್ರಾಚೀನ ಪದದಿಂದ ಅದು ಹುಟ್ಟಿತು. ಆಂಗ್ಲರು ಸಾವಿನ ಮನೆಯಲ್ಲಿಯೂ 'ಸಾರಿ' ಎನ್ನುವರು. ಮಾತು ಸರಿಯಾಗಿ ಕೇಳಿಸದಿದ್ದರೂ 'ಸಾರಿ' ಎನ್ನುವರು. ನಮ್ಮಲ್ಲಿ ಸಾವಿನ ಮನೆಗೆ ಹೋಗಿ 'ತಪ್ಪಾಯಿತು' ಎಂದರೆ ಮನೆಯವರು ಗಾಬರಿಯಾದಾರು! ಕನ್ನಡದಲ್ಲಿ ಮರುಕದ ಮಾತೇ ಬೇರೆ, ತಪ್ಪೊಪ್ಪಿಗೆಯ ಮಾತೇ ಬೇರೆ. ಎರವಲು ಪದ ಬಂದು ಆ ಭೇದವನ್ನು ಅಳಿಸುತ್ತಿದೆ ಎಂಬುದೇ ನಮ್ಮ ಆತಂಕ.

ಕನ್ನಡದಲ್ಲಿ 'ಸಾರಿ' ಎಂದರೆ ಸಲ ಎಂಬರ್ಥವೂ ಉಂಟಲ್ಲವೇ? ಎಷ್ಟು ಸಾರಿ ಕ್ಷಮಿಸಬೇಕು, ಏಳು ಸಾರಿಯೇ ಎಂದು ಪೇತ್ರನು ಕೇಳಿದಾಗ ಯೇಸುಸ್ವಾಮಿ ಲೆಕ್ಕವನ್ನೇ ತೊಡೆದುಹಾಕಿದ ಪ್ರಸಂಗ ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿದೆ. ಕ್ಷಮಿಸುವವನು ಎಣಿಸಬಾರದು, ನಿಜ. ಆದರೆ ಕ್ಷಮೆ ಕೇಳುವವನ ಪಾಲಿನ ಕೆಲಸ ಬಾಯಿಮಾತಿನಲ್ಲಿ ಮುಗಿಯುವುದೇ? ರಬಕವಿ-ಬನಹಟ್ಟಿಯ ನೇಕಾರರನ್ನು ಕೇಳಿ ನೋಡಿ. ಎಳೆ ಹರಿದರೆ ಮಗ್ಗ ನಿಲ್ಲಿಸಿ, ಹರಿದ ತುದಿಗಳನ್ನು ಹುಡುಕಿ, ಗಂಟು ಹಾಕಬೇಕು; ಸೀರೆಗೆ 'ಸಾರಿ' ಹೇಳಿದರೆ ನಡೆಯದು.

'ಪರಿಹಾರ' ಎಂಬ ಮಾತನ್ನಂತೂ ಬೀಳಗಿ ಸೀಮೆಯ ಜನರಿಗೆ ವಿವರಿಸಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹೊಲಮನೆ ಬಿಟ್ಟುಕೊಟ್ಟವರಿಗೆ ಬರೀ ಸಂತಾಪ ಯಾವ ಪುರುಷಾರ್ಥಕ್ಕೆ? ಪಾಪನಿವೇದನೆಯ ಸಂಸ್ಕಾರದಲ್ಲಿಯೂ ಪಶ್ಚಾತ್ತಾಪ, ನಿವೇದನೆಗಳ ಜೊತೆಗೆ ಪರಿಹಾರ ಇದ್ದೇ ಇದೆ. ಕದ್ದದ್ದನ್ನು ಮರಳಿಸಬೇಕು, ಕೆಡಿಸಿದ ಮಾನವನ್ನು ಸರಿಪಡಿಸಬೇಕು ಎಂದು 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಸ್ಪಷ್ಟವಾಗಿ ಬೋಧಿಸುತ್ತದೆ. ಸುಂಕದ ಜಕ್ಕಾಯನು ಮೋಸದಿಂದ ಪಡೆದುದಕ್ಕೆ ನಾಲ್ಕರಷ್ಟು ಹಿಂದಿರುಗಿಸುವೆನೆಂದು ನಿಂತನು.

2022ರ ಜುಲೈ 25ರಂದು ಪೋಪ್ ಫ್ರಾನ್ಸಿಸ್ ಕೆನಡಾದ ಮಾಸ್ಕ್ವಾಸಿಸ್‌ಗೆ ಹೋಗಿ, ವಸತಿಶಾಲೆಗಳಲ್ಲಿ ಮೂಲನಿವಾಸಿಗಳ ಮಕ್ಕಳಿಗಾದ ಅನ್ಯಾಯಕ್ಕಾಗಿ ಕ್ಷಮೆ ಬೇಡಿದರು. ಇಳಿವಯಸ್ಸು, ಮೊಣಕಾಲಿನ ನೋವು, ಗಾಲಿಕುರ್ಚಿ. ಆದರೂ ರೋಮಿನಿಂದ ಒಂದು ಪತ್ರ ಬರೆದು ಮುಗಿಸಲಿಲ್ಲ. ಕ್ಷಮೆ ಬೇಡುವುದು ಮೊದಲ ಹೆಜ್ಜೆ ಮಾತ್ರ, ಕೊನೆಯದಲ್ಲ ಎಂದು ಅವರೇ ಅಲ್ಲಿ ಹೇಳಿದರು.

ಪ್ರಥಮ ಪಾಪನಿವೇದನೆಗೆ ಮಕ್ಕಳನ್ನು ಅಣಿಗೊಳಿಸುವ ತಾಯಂದಿರಲ್ಲಿ, ಉಪದೇಶಕರಲ್ಲಿ ನಮ್ಮದೊಂದು ವಿನಂತಿ. ಮಗು 'ಸಾರಿ' ಎಂದಾಗ ಗದರಬೇಡಿ, 'ಯಾತಕ್ಕಪ್ಪಾ?' ಎಂದು ಮೆಲ್ಲಗೆ ಕೇಳಿರಿ. ತಮ್ಮನ ಪೆನ್ಸಿಲ್ ಮುರಿದೆ ಎಂದು ಅದು ಹೇಳಲಿ. ಆಮೇಲೆ ತನ್ನ ಪೆನ್ಸಿಲನ್ನು ತಮ್ಮನಿಗೆ ಕೊಡಲಿ.